ನಿಮ್ಮ ಇಷ್ಟದ ಪಾಸ್ತಾ ಯಾವುದು? ನನ್ನದು ಬಾರಿ ಊರಿನ ಒರೆಕ್ಕಿಯೆತ್ತೆ

ಬಾರಿಯ ಸೊಸೆ

ಎಲ್ಲರಿಗೂ ನಮಸ್ಕಾರ. 2025ರ ಡಿಸೆಂಬರ್‌ನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಯುನೆಸ್ಕೊ ಸಭೆ ನಡೆಯಿತಲ್ಲ, ಅಲ್ಲಿ ನಮ್ಮ ದೀಪಾವಳಿಯೂ ಇಟಲಿಯ ಅಡುಗೆಯೂ ಒಟ್ಟಿಗೇ ಪರಂಪರೆಯ ಪಟ್ಟಿಗೆ ಸೇರಿದವು. ನಮ್ಮ ಮನೆಯಲ್ಲಿ ಎರಡಕ್ಕೂ ಸಿಹಿ ಹಂಚಿದೆವು. ನಾನು ಧಾರವಾಡದ ಕಡೆಯವಳು. ಮದುವೆಯಾಗಿ ಬಂದಿದ್ದು ದಕ್ಷಿಣ ಇಟಲಿಯ ಪುಲ್ಯಾ ಪ್ರಾಂತ್ಯದ ಬಾರಿ ಅನ್ನೋ ಊರಿಗೆ. ಸಮುದ್ರದ ದಂಡೆಯ ಊರು, ಹಳೆಯ ಬಂದರು. ಸಂತ ನಿಕೋಲಾಸನ ಅಸ್ಥಿಯನ್ನು 1087ರಲ್ಲಿ ಇಲ್ಲಿಗೆ ತಂದರು. ಈಗಲೂ ಮೇ ತಿಂಗಳಲ್ಲಿ ಅವನ ಹೆಸರಿನ ಜಾತ್ರೆ ದೊಡ್ಡದಾಗಿ ನಡೆಯುತ್ತದೆ.

ಪಾಸ್ತಾ ಅಂದ ಕೂಡಲೇ ನಮ್ಮ ಕಡೆ ಜನ ಕೆಂಪು ಸಾಸ್, ಬಿಳಿ ಸಾಸ್ ಅಂತ ಕೇಳುತ್ತಾರೆ. ಇಲ್ಲಿ ಆ ಮಾತೇ ಇಲ್ಲ. ಇಲ್ಲಿ ಕೇಳೋದು ಯಾವ ಆಕಾರ, ಯಾವ ಊರು, ಯಾರು ಮಾಡಿದ್ದು ಅಂತ. ಬಾರಿಯಲ್ಲಿ ಉತ್ತರ ಒಂದೇ: ಒರೆಕ್ಕಿಯೆತ್ತೆ. ಹೆಬ್ಬೆರಳಿನ ತುದಿಯಷ್ಟು ದೊಡ್ಡದು, ಪುಟ್ಟ ಕಿವಿಯ ಆಕಾರ. ಗಟ್ಟಿ ಗೋಧಿಯ ನುಣ್ಣನೆ ರವೆ ಮತ್ತು ನೀರು, ಅಷ್ಟೇ. ಮೊಟ್ಟೆ ಇಲ್ಲ, ಎಣ್ಣೆ ಇಲ್ಲ.

ನಮ್ಮ ಅತ್ತೆ ಇದನ್ನು ಮಾಡೋದು ನೋಡಬೇಕು. ಅಡುಗೆಮನೆಯ ಮೇಜಿನ ಮೇಲೆ ದೊಡ್ಡ ಮರದ ಹಲಗೆ. ನಾದಿದ ಹಿಟ್ಟನ್ನು ಬೆರಳು ದಪ್ಪದ ಹಗ್ಗದ ಹಾಗೆ ಹೊಸೆಯುತ್ತಾರೆ. ಆಮೇಲೆ ಒಂದು ಸೆಂಟಿಮೀಟರಿನಷ್ಟು ತುಂಡು ಕತ್ತರಿಸಿ, ಮೊಂಡು ಚಾಕುವಿನ ಅಲಗನ್ನು ಅದರ ಮೇಲಿಟ್ಟು, ಇನ್ನೊಂದು ಕೈಯ ಬೆರಳಿನಿಂದ ಅಲಗಿನ ತುದಿ ಒತ್ತಿ ಹಿಡಿದು ತಮ್ಮ ಕಡೆಗೆ ಎಳೆಯುತ್ತಾರೆ. ಹಿಟ್ಟು ಅಲಗಿಗೆ ಸುತ್ತಿಕೊಂಡು ಬರುತ್ತದೆ. ತಕ್ಷಣ ಅದನ್ನು ಹೆಬ್ಬೆರಳಿನ ಮೇಲೆ ತಿರುಗಿಸಿ ಹಾಕಿದರೆ ಒಳಗೆ ಗುಂಡಿ, ಹೊರಗೆ ತರಿ. ಆ ತರಿಯೇ ಮುಖ್ಯ. ಸಾರು, ಎಣ್ಣೆ, ಸೊಪ್ಪು ಎಲ್ಲ ಅದಕ್ಕೆ ಹಿಡಿದುಕೊಳ್ಳೋದು. ಯಂತ್ರದ್ದು ಬಹಳ ಸಲ ನುಣುಪಾಗಿರುತ್ತದೆ, ಸಾಸ್ ಜಾರಿಹೋಗುತ್ತದೆ.

ಚಳಿಗಾಲದಲ್ಲಿ ಇದಕ್ಕೆ ಜೊತೆ ಚೀಮೆ ದಿ ರಾಪ ಅನ್ನೋ ಸೊಪ್ಪು. ಎಳೆ ಮೊಗ್ಗು, ದಂಟು, ಎಲೆ ಎಲ್ಲ ಹಾಕುತ್ತಾರೆ. ಸ್ವಲ್ಪ ಕಹಿ, ಸಾಸಿವೆಯ ಘಾಟು. ಭಾನುವಾರ ಆದರೆ ಟೊಮೆಟೊ ರಸದಲ್ಲಿ ಗಂಟೆಗಟ್ಟಲೆ ಬೆಂದ ಬ್ರಚೋಲೆ. ಅಂದರೆ ತೆಳು ಮಾಂಸದೊಳಗೆ ಚೀಸ್, ಬೆಳ್ಳುಳ್ಳಿ, ಪಾರ್ಸ್ಲಿ ಇಟ್ಟು ಸುರುಳಿ ಸುತ್ತಿ ಕಡ್ಡಿ ಚುಚ್ಚಿದ್ದು. ಮೊದಲು ಆ ರಸವನ್ನು ಒರೆಕ್ಕಿಯೆತ್ತೆಗೆ ಹಾಕಿ ತಿನ್ನುತ್ತಾರೆ, ಆಮೇಲೆ ಮಾಂಸವನ್ನು ಬೇರೆ ತಟ್ಟೆಯಲ್ಲಿ ಬಡಿಸುತ್ತಾರೆ. ಒಂದೇ ಪಾತ್ರೆಯಿಂದ ಎರಡು ಸಲ ಬಡಿಸೋದು. ಮಾಂಸ ಕಡಿಮೆ ಇದ್ದ ಮನೆಯಲ್ಲೂ ಅದರ ರುಚಿ ಎಲ್ಲರ ತಟ್ಟೆಗೂ ತಲುಪಲಿ ಅಂತ.

ನಾನು ಮಾಂಸ ತಿನ್ನಲ್ಲ. ಅತ್ತೆ ನನಗಾಗಿ ಚಿಕ್ಕ ಪಾತ್ರೆಯಲ್ಲಿ ಟೊಮೆಟೊ, ಬೇಸಿಲ್ ಹಾಕಿ ಬೇರೆಯೇ ರಸ ಮಾಡುತ್ತಾರೆ. ನಾನು ಹೇಳದೇ ಅವರೇ ಶುರು ಮಾಡಿದ್ದು ಅದು. ಅದಕ್ಕೆ ಸೌಟೂ ಬೇರೆ. ಒಂದು ಮನೆ ಹೊರಗಿನವಳನ್ನು ಹೇಗೆ ಒಳಗೆ ಮಾಡಿಕೊಳ್ಳುತ್ತದೆ ಅನ್ನೋದನ್ನು ನಾನು ಆ ಸೌಟಿನಲ್ಲಿ ಕಂಡೆ.

ನಿಮ್ಮ ಮನೆಯಲ್ಲಿ ಯಾವ ಪಾಸ್ತಾ? ಇಟಲಿಯದೇ ಆಗಬೇಕಂತಿಲ್ಲ, ಗೋಧಿಯಿಂದ ಕೈಯಲ್ಲಿ ಮಾಡಿದ್ದು ಯಾವುದಾದರೂ ಸರಿ. ಬರೆಯಿರಿ.

---

ಬೊಲೊನ್ಯದಲ್ಲಿ ಓದುತ್ತಿರುವವನು

ಅಕ್ಕಾ, ಬರಹ ಓದಿ ಹಸಿವಾಯಿತು. ನಾನು ಇಟಲಿಯ ಇನ್ನೊಂದು ತುದಿಯವನು. ಇಲ್ಲಿ ಎಲ್ಲ ಉಲ್ಟಾ. ಮೆತ್ತನೆ ಗೋಧಿ ಹಿಟ್ಟು, 100 ಗ್ರಾಂಗೆ ಒಂದು ಮೊಟ್ಟೆ, ಉದ್ದನೆ ಲಟ್ಟಣಿಗೆಯಲ್ಲಿ ಲಟ್ಟಿಸಿ ಹಾಳೆ ಮಾಡುತ್ತಾರೆ. ನಾನು ಬಾಡಿಗೆಗಿರುವ ಮನೆಯ ಅಜ್ಜಿ ಕ್ರಿಸ್‌ಮಸ್‌ಗೆ ಮುಂಚೆ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕೂರಿಸಿಕೊಂಡು ತೊರ್ತೆಲ್ಲೀನಿ ಅನ್ನೋ ಹೂರಣ ತುಂಬಿದ ಪುಟ್ಟ ಪಾಸ್ತಾ ಮಡಚಿಸುತ್ತಾರೆ. ಬಿಸಿ ಸಾರಿನಲ್ಲಿ ಹಾಕಿ ತಿನ್ನೋದು.

ಇಲ್ಲಿನವರಿಗೆ ಅಳತೆ ಅಂದರೆ ಅಳತೆ. 1972ರಲ್ಲಿ ತಾಲ್ಯತೆಲ್ಲೆ ಅನ್ನೋ ಉದ್ದ ಪಟ್ಟಿಯಂಥ ಪಾಸ್ತಾ ಎಷ್ಟು ಅಗಲ ಇರಬೇಕು ಅಂತ ಇಲ್ಲಿನ ವಾಣಿಜ್ಯ ಮಂಡಳಿಯಲ್ಲಿ ದಾಖಲೆ ಮಾಡಿಸಿದರು. ಬೆಂದ ಮೇಲೆ 8 ಮಿಲಿಮೀಟರ್. ಊರಿನ ಅಸಿನೆಲ್ಲಿ ಗೋಪುರದ ಎತ್ತರದಲ್ಲಿ 12,270ನೇ ಒಂದು ಭಾಗ ಅಂತ ಲೆಕ್ಕ ಕೊಟ್ಟಿದ್ದಾರೆ. ಬಂಗಾರದ ಮಾದರಿಯನ್ನೂ ಇಟ್ಟಿದ್ದಾರೆ. ತೊರ್ತೆಲ್ಲೀನಿಯ ಹೂರಣದ ವಿಧಾನವನ್ನು 1974ರಲ್ಲಿ ಹೀಗೇ ದಾಖಲಿಸಿದರು. ನಿಮ್ಮ ಬಾರಿಯಲ್ಲೂ ಹೀಗೆ ಅಳತೆ ಪಟ್ಟಿ ಇದೆಯಾ?

---

ಬಾರಿಯ ಸೊಸೆ

ತಮ್ಮಾ, ನಮ್ಮಲ್ಲಿ ಅಳತೆ ಅಂದರೆ ಅತ್ತೆಯ ಹೆಬ್ಬೆರಳು. ಪಕ್ಕದ ಮನೆಯಾಕೆಯದು ಇನ್ನೂ ಚಿಕ್ಕದು, ಅವರ ತಂಗಿಯದು ಸ್ವಲ್ಪ ದೊಡ್ಡದು. ತಟ್ಟೆ ನೋಡಿದರೆ ಯಾರು ಮಾಡಿದ್ದು ಅಂತ ಗೊತ್ತಾಗುತ್ತದೆ.

ಮೊಟ್ಟೆಯ ವಿಷಯ ಒಳ್ಳೆಯದು ಎತ್ತಿದೆ. ಗಟ್ಟಿ ಗೋಧಿಯ ರವೆಗೆ ನೀರು ಹಾಕಿ ಚೆನ್ನಾಗಿ ನಾದಿದರೆ ಅದೇ ಬಿಗಿಯಾಗಿ ನಿಲ್ಲುತ್ತದೆ, ಬೇಯಿಸಿದಾಗ ಕರಗಲ್ಲ. ಮೆತ್ತನೆ ಗೋಧಿಗೆ ಮೊಟ್ಟೆಯ ಆಸರೆ ಬೇಕು. ಪುಲ್ಯಾದಲ್ಲಿ ಬೆಳೆಯೋದೇ ಗಟ್ಟಿ ಗೋಧಿ. ಫೊಜ್ಜಾ ಸುತ್ತಲಿನ ಬಯಲಿಗೆ ಇಟಲಿಯ ಕಣಜ ಅಂತಲೇ ಹೆಸರು. ಅಲ್ಲೇ ನಜರೇನೊ ಸ್ತ್ರಂಪೆಲ್ಲಿ ಅನ್ನೋ ತಳಿ ವಿಜ್ಞಾನಿ 1915ರಲ್ಲಿ ಸೆನತೊರೆ ಕಪ್ಪೆಲ್ಲಿ ಅನ್ನೋ ಗಟ್ಟಿ ಗೋಧಿ ತಳಿ ಹೊರತಂದರು. ಇವತ್ತಿಗೂ ಅಂಗಡಿಯಲ್ಲಿ ಆ ಹೆಸರು ಬರೆದ ಹಿಟ್ಟಿಗೆ ಜಾಸ್ತಿ ಬೆಲೆ. ಮೊಟ್ಟೆ ಮಾರಿದರೆ ನಾಲ್ಕು ಕಾಸು ಬರುತ್ತಿದ್ದ ಕಾಲದಲ್ಲಿ ದಿನದ ಊಟಕ್ಕೆ ಯಾರು ಹಿಟ್ಟಿಗೆ ಮೊಟ್ಟೆ ಒಡೆಯುತ್ತಾರೆ ಹೇಳು.

---

ಧಾರವಾಡ ರೈತನ ಮಗ

ನಮಸ್ಕಾರ್ರೀ ಅಕ್ಕಾರ. ನಮ್ಮೂರಿನವರೊಬ್ಬರು ಬಾರಿಯಲ್ಲಿ ಇದ್ದೀರಿ ಅಂತ ತಿಳಿದು ಖುಷಿ ಆಯಿತು. ಗಟ್ಟಿ ಗೋಧಿ ಅಂದಿರಲ್ಲ, ಅದು ನಮಗೇನೂ ಹೊಸದಲ್ಲ. ಬನ್ಸಿ ರವೆ ಅಂತ ಅಂಗಡಿಯಲ್ಲಿ ತರುತ್ತೇವಲ್ಲ, ಅದು ಇದೇ ಜಾತಿಯ ಗೋಧಿಯದು. ಕಾಳು ಒಡೆದು ನೋಡಿದರೆ ಗಾಜಿನ ಹಾಗೆ ಹೊಳೆಯುತ್ತದೆ, ರವೆಗೆ ಹಳದಿ ಬಣ್ಣ. ಬಿಜಗಾ ಅಂತ ಹಳೆಯ ತಳಿ ಇತ್ತು, ನಮ್ಮ ಅಜ್ಜ ಎರೆ ಹೊಲದಲ್ಲಿ ಹಿಂಗಾರಿಗೆ ಬಿತ್ತುತ್ತಿದ್ದರು. ನೀರಾವರಿ ಇಲ್ಲ, ಭೂಮಿಯಲ್ಲಿನ ತೇವದ ಮೇಲೇ ಬೆಳೆ.

ಇನ್ನೊಂದು ಸದಕ ಅಂತೀವಲ್ಲ, ಜವೆ ಗೋಧಿ, ಮರಾಠಿಯವರು ಖಪಲಿ ಅನ್ನೋದು. ಅದು ಮತ್ತು ಇಟಲಿಯಲ್ಲಿ ಫಾರ್ರೊ ಅಂತ ಮಾರುವ ಗೋಧಿ ಒಂದೇ ಜಾತಿ. ಹುಗ್ಗಿ, ಮಾದಲಿ, ಶಾವಿಗೆ ಎಲ್ಲದಕ್ಕೂ ನಮ್ಮಲ್ಲಿ ಅದೇ ಬೇಕು. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಅದರ ಹೊಸ ತಳಿಗಳನ್ನೂ ಕೊಟ್ಟಿದ್ದಾರೆ. ಹೊಟ್ಟು ಬಿಡಿಸೋದು ಕಷ್ಟ ಅಂತ ಬಹಳ ಜನ ಬಿಟ್ಟರು. ಈಗ ಸಕ್ಕರೆ ಕಾಯಿಲೆಯವರು ಕೇಳಿಕೊಂಡು ಬರುತ್ತಿದ್ದಾರೆ, ಮತ್ತೆ ಬಿತ್ತುತ್ತಿದ್ದೇವೆ.

---

ಗದಗಿನಾಕಿ

ಅಕ್ಕಾ, ನೀವು ಹಿಟ್ಟು ಹೊಸೆದು ತುಂಡು ಮಾಡೋದು ಬರೆದಿರಲ್ಲ, ಓದುತ್ತಿದ್ದ ಹಾಗೆ ನಮ್ಮ ಅವ್ವನ ಕೈ ಕಣ್ಣಿಗೆ ಬಂತು. ನಮ್ಮಲ್ಲಿ ಗವಲಿ ಮಾಡುತ್ತಾರೆ. ಗೋಧಿ ರವೆ ನೆನೆಸಿ ನಾದಿದ ಹಿಟ್ಟನ್ನು ಬೆರಳ ತುದಿಯಲ್ಲಿ ಚೂರು ಚೂರೇ ಹೊಸೆದು ಉದುರಿಸೋದು. ಪರಡಿ ಅಂತ ಇನ್ನೊಂದು. ಮದುವೆ ಗೊತ್ತಾದ ಮನೆಯಲ್ಲಿ ಇವು ಆಗಲೇಬೇಕು. ಪಾಯಸಕ್ಕೆ ಹಾಕುತ್ತಾರೆ, ಬೀಗರ ಮನೆಗೂ ಕಟ್ಟಿ ಕಳಿಸುತ್ತಾರೆ.

ಶಾವಿಗೆಯಂತೂ ಬೇಸಿಗೆಯ ಕೆಲಸ. ಶಾವಿಗೆ ಮಣೆಯ ಮೇಲೆ ಒಬ್ಬಾಕೆ ಕೂತು ಹಿಟ್ಟು ಹೊಸೆದು ಇಳಿಸಿದರೆ, ಇನ್ನೊಬ್ಬಾಕೆ ಕೆಳಗೆ ಎಳೆ ಹಿಡಿದು ಕೋಲಿನ ಮೇಲೆ ಒಣಹಾಕೋದು. ಇವತ್ತು ನಮ್ಮ ಮನೆ, ನಾಳೆ ಪಕ್ಕದ ಮನೆ. ಎಲ್ಲ ಮುಯ್ಯಿ ಲೆಕ್ಕ. ದುಡ್ಡು ಕೊಟ್ಟು ಯಾರನ್ನೂ ಕರೆಯುತ್ತಿರಲಿಲ್ಲ. ಹಾಡು, ಮಾತು, ಅತ್ತೆ ಮೇಲಿನ ದೂರು, ಗಂಡು ನೋಡುವ ವಿಷಯ ಎಲ್ಲ ಅಲ್ಲೇ. ನಿಮ್ಮ ಬಾರಿಯ ಹೆಂಗಸರೂ ಹೀಗೇ ಕೂತು ಮಾಡುತ್ತಾರಾ?

---

ಬಾರಿಯ ಸೊಸೆ

ಹೂಂ ರೀ, ಹಾಗೇ! ಹಳೆ ಊರಿನಲ್ಲಿ, ಕೋಟೆಯ ಎದುರಿಗೆ ಆರ್ಕೊ ಬಾಸ್ಸೊ ಅನ್ನೋ ಕಿರುಓಣಿ ಇದೆ. ಕಮಾನಿನ ಕೆಳಗೆ ಹಾದು ಒಳಗೆ ಹೋದರೆ ಸಾಲು ಮನೆಗಳು. ಎಲ್ಲ ನೆಲಮಹಡಿ, ಬಾಗಿಲು ತೆಗೆದರೆ ನೇರ ಓಣಿಗೇ. ಬಾಗಿಲ ಮುಂದೆ ಮೇಜು ಹಾಕಿಕೊಂಡು ಹೆಂಗಸರು ಕೂತಿರುತ್ತಾರೆ. ಚಾಕು ಹಲಗೆಗೆ ಉಜ್ಜುವ ಸದ್ದು ಒಂದು ಕಡೆ, ಒಳಗೆ ಟಿವಿ ಒಂದು ಕಡೆ. ಜಾಲರಿ ಹೊಡೆದ ಮರದ ಚೌಕಟ್ಟಿನ ಮೇಲೆ ಒರೆಕ್ಕಿಯೆತ್ತೆ ಹರಡಿರುತ್ತದೆ, ಸಮುದ್ರದ ಗಾಳಿಗೆ ಒಣಗುತ್ತಿರುತ್ತದೆ. ಕೈ ನೋಡದೇ ಮಾಡುತ್ತಾರೆ. ಕಣ್ಣು ನಿಮ್ಮ ಮೇಲೆ, ಮಾತು ಎದುರು ಮನೆಯವಳ ಜೊತೆ, ಕೈಯಿಂದ ಒಂದರ ಮೇಲೊಂದು ಉದುರುತ್ತಿರುತ್ತದೆ.

ಮುಯ್ಯಿ ಇಲ್ಲಿ ಹಿಂದೆ ಇತ್ತಂತೆ, ಅತ್ತೆ ಹೇಳುತ್ತಾರೆ. ಮದುವೆ ಮನೆಗೆ ಓಣಿಯವರೆಲ್ಲ ಕೂಡಿ ಮಾಡಿಕೊಡುತ್ತಿದ್ದರಂತೆ. ಈಗ ಆ ಓಣಿ ದುಡಿಮೆಯ ಜಾಗ. ಪ್ರವಾಸಿಗಳು ಬರುತ್ತಾರೆ, ಫೋಟೊ ತೆಗೆಯುತ್ತಾರೆ, ಪೊಟ್ಟಣ ಕೊಳ್ಳುತ್ತಾರೆ.

---

ಜಯನಗರದ ಗೃಹಿಣಿ

ನಮ್ಮ ಮಕ್ಕಳಿಗೆ ವಾರಕ್ಕೊಮ್ಮೆ ಪಾಸ್ತಾ ಬೇಕೇ ಬೇಕು. ನಾವು ಮೊಟ್ಟೆ, ಮೀನು ಏನೂ ತಿನ್ನೋರಲ್ಲ. ಈ ಸೊಪ್ಪಿನ ಒರೆಕ್ಕಿಯೆತ್ತೆ ಬೆಂಗಳೂರಿನಲ್ಲಿ ಮಾಡೋಕೆ ಆಗುತ್ತಾ? ಆ ಸೊಪ್ಪು ಇಲ್ಲಿ ಸಿಗಲ್ಲ. ಮೀನು ಹಾಕುತ್ತಾರೆ ಅಂತಲೂ ಎಲ್ಲೋ ನೋಡಿದೆ. ದಯವಿಟ್ಟು ಬಿಡಿಸಿ ಬರೆಯಿರಿ.

---

ಬಾರಿಯ ಸೊಸೆ

ಖಂಡಿತ ಆಗುತ್ತೆ ಮೇಡಂ. ನಾನು ಧಾರವಾಡಕ್ಕೆ ಬಂದಾಗ ಅಪ್ಪ ಅಮ್ಮನಿಗೆ ಮಾಡಿಕೊಟ್ಟ ರೀತಿಯನ್ನೇ ಹೇಳುತ್ತೇನೆ.

ಬನ್ಸಿ ರವೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಜರಡಿ ಹಿಡಿಯಿರಿ. 400 ಗ್ರಾಂ ಹಿಟ್ಟಿಗೆ ಸುಮಾರು 200 ಮಿಲಿ ಬೆಚ್ಚನೆ ನೀರು, ಸ್ವಲ್ಪ ಸ್ವಲ್ಪವಾಗಿ. ಮೊದಲು ಪುಡಿಪುಡಿಯಾಗೇ ಇರುತ್ತದೆ. ಅಂಗೈಯಿಂದ ಒತ್ತಿ ಒತ್ತಿ ಹತ್ತು ನಿಮಿಷ ನಾದಿದರೆ ನುಣುಪಾಗುತ್ತದೆ. ಚಪಾತಿ ಹಿಟ್ಟಿಗಿಂತ ಗಟ್ಟಿ ಇರಬೇಕು. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ಹೊಸೆದು, ಕತ್ತರಿಸಿ, ಊಟದ ಚಾಕುವಿನಲ್ಲಿ ಎಳೆಯಿರಿ. ಒಂದು ಬಟ್ಟೆಯ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡಿ.

ಸೊಪ್ಪಿನ ಬದಲು ಎಳೆ ಸಾಸಿವೆ ಸೊಪ್ಪು ಹಾಕಬಹುದು, ಚೀಮೆ ದಿ ರಾಪಕ್ಕೆ ಅದು ನೆಂಟ. ಸಿಗದಿದ್ದರೆ ಮೂಲಂಗಿ ಸೊಪ್ಪು ಮತ್ತು ಸ್ವಲ್ಪ ಬ್ರಾಕಲಿ ಸೇರಿಸಿ. ಪಾಲಕ್ ಬೇಡ. ಅದರಲ್ಲಿ ಕಹಿ ಇಲ್ಲ, ಕಹಿ ಇಲ್ಲದಿದ್ದರೆ ಈ ಅಡುಗೆ ಸಪ್ಪೆ.

ಈಗ ಬಹಳ ಮುಖ್ಯವಾದ ಮಾತು. ಸೊಪ್ಪನ್ನೂ ಪಾಸ್ತಾವನ್ನೂ ಒಂದೇ ನೀರಿನಲ್ಲಿ ಬೇಯಿಸಬೇಕು. ಉಪ್ಪು ಹಾಕಿದ ನೀರು ಮರಳಿದಾಗ ಮೊದಲು ಸೊಪ್ಪು, ಕೆಲವು ನಿಮಿಷದ ನಂತರ ಅದೇ ಪಾತ್ರೆಗೆ ಒರೆಕ್ಕಿಯೆತ್ತೆ. ಸೊಪ್ಪಿನ ಕಹಿ ನೀರಿಗೆ ಇಳಿದು, ಆ ನೀರನ್ನು ಹಿಟ್ಟು ಕುಡಿಯುತ್ತದೆ. ಬೇರೆ ಬೇರೆ ಬೇಯಿಸಿ ಕೊನೆಗೆ ಕಲಸಿದರೆ ಅದು ಬೇರೆ ಅಡುಗೆ. ಇನ್ನೊಂದು ಕಡೆ ಬಾಣಲೆಯಲ್ಲಿ ಧಾರಾಳ ಆಲಿವ್ ಎಣ್ಣೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಇಲ್ಲಿನವರು ಈ ಹಂತದಲ್ಲಿ ಉಪ್ಪಿನಲ್ಲಿಟ್ಟ ಆಂಚೊವಿ ಮೀನನ್ನು ಎಣ್ಣೆಯಲ್ಲಿ ಕರಗಿಸುತ್ತಾರೆ. ನೀವು ಬಿಡಿ, ಸ್ವಲ್ಪ ಉಪ್ಪು ಜಾಸ್ತಿ ಹಾಕಿ. ಬಸಿದ ಪಾಸ್ತಾ, ಸೊಪ್ಪು ಎರಡನ್ನೂ ಬಾಣಲೆಗೆ ಹಾಕಿ ಜೋರಾಗಿ ತಿರುವಿ.

ಮೇಲೆ ಚೀಸ್ ಬೇಡ. ಹಳೆಯ ಬ್ರೆಡ್ಡಿನ ಪುಡಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ಉದುರಿಸಿ. ಚೀಸ್ ಕೊಳ್ಳಲಾಗದ ಮನೆಗಳು ಕಂಡುಕೊಂಡ ದಾರಿ ಇದು, ಈಗ ಎಲ್ಲರಿಗೂ ಇದೇ ಇಷ್ಟ. ನಿಮಗೆ ಇನ್ನೂ ಒಂದು ಕಾರಣಕ್ಕೆ ಒಳ್ಳೆಯದು: ಪೆಕೊರೀನೊ ರೊಮಾನೊ, ಪಾರ್ಮಿಜಾನೊ ಅನ್ನೋ ಚೀಸ್ ಎರಡರಲ್ಲೂ ಹಾಲು ಒಡೆಯೋಕೆ ಕುರಿಮರಿ, ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಹಾಕುತ್ತಾರೆ. ಶುದ್ಧ ಸಸ್ಯಾಹಾರಿಗಳು ತಿಳಿದಿರಬೇಕು.

---

ಜಯನಗರದ ಗೃಹಿಣಿ

ಚೀಸ್ ವಿಷಯ ನನಗೆ ಗೊತ್ತೇ ಇರಲಿಲ್ಲ! ತುಂಬಾ ಥ್ಯಾಂಕ್ಸ್. ಒಂದೇ ನೀರಿನಲ್ಲಿ ಬೇಯಿಸೋದು ಬಸ್ಸಾರು ಮಾಡೋರಿಗೆ ಬೇಗ ಅರ್ಥ ಆಗುತ್ತೆ. ಸೊಪ್ಪು ಬಸಿದ ಕಟ್ಟು ಚೆಲ್ಲೋದು ನಮ್ಮ ಮನೆಯಲ್ಲಿ ಪಾಪ.

---

ಗ್ರಾಹಕ ಪರ

ಮೇಡಂ, ನಿಮ್ಮ ಬರಹ ಚೆನ್ನಾಗಿದೆ. ಆದರೆ ಒಂದು ಪ್ರಶ್ನೆ. ಓಣಿಯಲ್ಲಿ ಕೂತು ಮಾಡಿದ್ದನ್ನು ಬಿಲ್ಲು, ಲೇಬಲ್ಲು ಇಲ್ಲದೆ ಮಾರೋದು ಸರಿಯಾ? ಕಾರ್ಖಾನೆಯ ಪಾಸ್ತಾವನ್ನೇ ಕೈಯಲ್ಲಿ ಮಾಡಿದ್ದು ಅಂತ ಮಾರಿದರು ಅಂತ ಸುದ್ದಿ ಓದಿದ್ದೆ. ಪರಂಪರೆ ಅಂತ ಹೇಳಿ ಕೊಳ್ಳುವವರಿಗೆ ಮೋಸ ಆಗಬಾರದಲ್ವಾ?

---

ಬಾರಿಯ ಸೊಸೆ

ಸರ್, ಸರಿಯಾದ ಪ್ರಶ್ನೆ. ನೀವು ಓದಿದ್ದು 2024ರ ಸುದ್ದಿ ಇರಬೇಕು. ಆಗ ಅಂಥ ಆರೋಪ ಬಂದು ತನಿಖೆ ಆಯಿತು. ಅದಕ್ಕೂ ಮುಂಚೆ 2019ರಲ್ಲಿ ಊರಿನ ಒಂದು ಹೋಟೆಲಿಗೆ ತಪಾಸಣೆಯವರು ಬಂದು, ಎಲ್ಲಿಂದ ಬಂತು ಅನ್ನೋ ದಾಖಲೆ ಇಲ್ಲದ 3 ಕೆಜಿ ಒರೆಕ್ಕಿಯೆತ್ತೆ ಎಸೆಯಿಸಿದ್ದರು. ಯುರೋಪಿನ ಕಾನೂನು ಹಾಗಿದೆ. ಮಾರುವ ಯಾವ ಆಹಾರಕ್ಕೂ ಮೂಲ ಗೊತ್ತಿರಬೇಕು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕಾರ್ಖಾನೆಯದನ್ನು ಕೈಯದು ಅಂತ ಮಾರಿದರೆ ಅದು ಮೋಸ. ಮೊದಲು ಮೋಸ ಆಗೋದು ಪ್ರವಾಸಿಗಲ್ಲ. ಬೆಳಗಿನಿಂದ ಬೆನ್ನು ಬಗ್ಗಿಸಿ ಕೂತು ನಿಜವಾಗಿ ಮಾಡುವ ಪಕ್ಕದ ಬಾಗಿಲಿನ ಹೆಂಗಸಿಗೆ. ಅವಳ ಒಂದು ಕಿಲೋ ಮತ್ತು ಯಂತ್ರದ ಒಂದು ಕಿಲೋ ಒಂದೇ ಬೆಲೆಗೆ ಹೋದರೆ ಅವಳು ಎಷ್ಟು ದಿನ ಕೂರುತ್ತಾಳೆ? ಹಾಗಾಗಿ ಲೇಬಲ್ ಬೇಕು. ಆದರೆ ಲೇಬಲ್ ಅವಳ ಕೈಗೆ ಸಿಗುವ ಹಾಗಿರಬೇಕು. ಅರವತ್ತು ದಾಟಿದ ಹೆಂಗಸು, ಒಂದೇ ಕೋಣೆಯ ಮನೆ. ಅವಳಿಗೆ ಕಾರ್ಖಾನೆಗೆ ಹಾಕುವ ನಿಯಮಗಳನ್ನೆಲ್ಲ ಹಾಕಿದರೆ ಬಾಗಿಲು ಮುಚ್ಚಿ ಒಳಗೆ ಹೋಗುತ್ತಾಳೆ. ಕಲಿತ ಕೈ ಹಾಗೇ ಸುಮ್ಮನಾಗುತ್ತದೆ. ಚೊಕ್ಕಟವಾಗಿ ಮಾಡೋದು ಹೇಗೆ, ಹಿಟ್ಟಿನ ಬಿಲ್ ಇಟ್ಟುಕೊಳ್ಳೋದು ಹೇಗೆ, ಸಂಘದ ಹೆಸರಿನಲ್ಲಿ ಮಾರೋದು ಹೇಗೆ ಅಂತ ಕಲಿಸಿದರೆ ಎರಡೂ ಉಳಿಯುತ್ತವೆ.

ಅತ್ತೆ ಎಂದೂ ಮಾರಿದವರಲ್ಲ. ಆದರೂ ಈ ವಿಷಯ ಬಂದರೆ ಅವರಿಗೆ ಸಿಟ್ಟು ಬರುತ್ತದೆ. "ಕೊಳ್ಳುವವರು ಫೋಟೊ ಮಾತ್ರ ನೋಡುತ್ತಾರೆ, ಒರೆಕ್ಕಿಯೆತ್ತೆಯನ್ನು ನೋಡಲ್ಲ" ಅಂತಾರೆ. ನೋಡಿದರೆ ಗೊತ್ತಾಗುತ್ತದೆ. ಕೈಯದರಲ್ಲಿ ಒಂದರ ಹಾಗೆ ಇನ್ನೊಂದು ಇರಲ್ಲ, ಅಂಚು ದಪ್ಪ, ನಡುವೆ ತೆಳು, ಹೊರಗೆ ಎಳೆದ ಗುರುತು.

---

ಗದಗಿನಾಕಿ

ಸಂಘದ ಮಾತು ನಿಜ ಅಕ್ಕಾ. ನಮ್ಮ ಕಡೆ ಸ್ತ್ರೀಶಕ್ತಿ ಸಂಘದವರು ಶಾವಿಗೆ, ಹಪ್ಪಳ, ಸಂಡಿಗೆ ಮಾಡಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಶಾವಿಗೆಯನ್ನು ಈಗ ಯಂತ್ರದಲ್ಲೇ ಹಾಕಿಸುತ್ತಾರೆ, ಅದನ್ನು ಬಾಯಿಬಿಟ್ಟು ಹೇಳುತ್ತಾರೆ. ಗವಲಿ ಮಾತ್ರ ಕೈಯದೇ. ಅದಕ್ಕೆ ಬೆಲೆ ಜಾಸ್ತಿ, ಕೊಳ್ಳುವವರು ಕೊಡುತ್ತಾರೆ. ಹೆಣ್ಣು ಕೊಟ್ಟ ಮನೆಗೆ ಕಳಿಸುವಾಗ ಯಾರೂ ಚೌಕಾಸಿ ಮಾಡಲ್ಲ.

---

ಜರ್ಸಿ ಕನ್ನಡಿಗ

ಈ ಚರ್ಚೆ ನಮ್ಮೂರಿಗೂ ತಾಗುತ್ತದೆ. ನಾನಿರೋದು ನ್ಯೂಜರ್ಸಿಯ ಹೊಬೋಕನ್ ಪಕ್ಕದಲ್ಲಿ. ಬಾರಿ ಹತ್ತಿರದ ಮೊಲ್ಫೆತ್ತ ಅನ್ನೋ ಬಂದರಿನಿಂದ ಬಂದ ಕುಟುಂಬಗಳು ಹೊಬೋಕನ್‌ನಲ್ಲಿ ತಲೆಮಾರುಗಳಿಂದ ಇವೆ. ಅಲ್ಲಿಯ ಮೇರಿ ಮಾತೆಯ ಉತ್ಸವವನ್ನು ಪ್ರತಿ ಸೆಪ್ಟೆಂಬರ್‌ನಲ್ಲಿ ಇಲ್ಲೂ ಮಾಡುತ್ತಾರೆ. ಮೂರ್ತಿಯನ್ನು ಮೆರವಣಿಗೆಯಲ್ಲಿ ಹಡ್ಸನ್ ನದಿಯ ದಡದ ತನಕ ಒಯ್ಯುತ್ತಾರೆ.

ಇಲ್ಲಿ ಆ ಸೊಪ್ಪು ಬ್ರಾಕಲಿ ರಾಬ್ ಅಂತ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅಮೆರಿಕಕ್ಕೆ ಬಂದ ಮೇಲೆ ಒರೆಕ್ಕಿಯೆತ್ತೆಗೆ ಸಾಸೇಜ್ ಸೇರಿಕೊಂಡಿದೆ. ಎಲ್ಲ ಹೋಟೆಲಿನಲ್ಲೂ ಸಾಸೇಜ್ ಹಾಕಿದ್ದೇ. ಮಾಂಸ ಅಗ್ಗವಾದ ದೇಶಕ್ಕೆ ಬಂದ ಬಡವರು ಅಡುಗೆಗೆ ಮಾಂಸ ಸೇರಿಸಿದರು. ಅದರಲ್ಲಿ ತಪ್ಪೇನೂ ನನಗೆ ಕಾಣಲ್ಲ. ನಮ್ಮ ಪಕ್ಕದ ಮನೆಯ ಮುದುಕರು ಮೊಲ್ಫೆತ್ತ ಮೂಲದವರು. ಭಾಷೆ ಮಕ್ಕಳಿಗೆ ಬರಲಿಲ್ಲ, ಮೊಮ್ಮಕ್ಕಳಿಗಂತೂ ಇಲ್ಲವೇ ಇಲ್ಲ. ಭಾನುವಾರದ ರಸ ಮತ್ತು ಒರೆಕ್ಕಿಯೆತ್ತೆ ಮಾತ್ರ ಬಂತು. ನಮ್ಮ ಮಕ್ಕಳ ವಿಷಯದಲ್ಲಿ ನನಗೂ ಇದೇ ಚಿಂತೆ. ಬಿಸಿಬೇಳೆಭಾತ್ ಕೇಳುತ್ತಾರೆ, ಕೇಳೋದು ಇಂಗ್ಲಿಷಿನಲ್ಲಿ.

---

ಬೊಲೊನ್ಯದಲ್ಲಿ ಓದುತ್ತಿರುವವನು

ಅಣ್ಣಾ, ನೀವು ಹೇಳಿದ ಬದಲಾವಣೆಯ ಮಾತಿಗೆ ಇಲ್ಲಿಯ ಒಂದು ಉದಾಹರಣೆ. 2019ರಲ್ಲಿ ಬೊಲೊನ್ಯದ ಊರ ಹಬ್ಬಕ್ಕೆ, ಅಕ್ಟೋಬರ್ 4ರ ಸ್ಯಾನ್ ಪೆತ್ರೋನಿಯೊ ದಿನಕ್ಕೆ, ಹಂದಿ ಮಾಂಸ ತಿನ್ನದವರೂ ಬಂದು ಕೂರಲಿ ಅಂತ ಕೋಳಿ ಹೂರಣದ ತೊರ್ತೆಲ್ಲೀನಿಯನ್ನೂ ಜೊತೆಗೆ ಮಾಡಿದರು. ಮಾಮೂಲಿನದೂ ಇತ್ತು, ಅದನ್ನು ಯಾರೂ ತೆಗೆದಿರಲಿಲ್ಲ. ಆದರೂ ದೇಶದ ರಾಜಕಾರಣಿಗಳ ತನಕ ಜಗಳ ಹೋಯಿತು. ಇದರ ಬಗ್ಗೆ ನಾನು ಮನೆಯ ಅಜ್ಜಿಯನ್ನು ಕೇಳಿದೆ. ಅವರು ಹಿಟ್ಟು ಲಟ್ಟಿಸುತ್ತಲೇ, ನಮ್ಮಜ್ಜಿ ಕೈಗೆ ಸಿಕ್ಕಿದ್ದನ್ನು ತುಂಬುತ್ತಿದ್ದಳು ಅಂದರು. ಅಷ್ಟೇ. ನನಗೆ ಮೊಟ್ಟೆ ನಡೆಯುತ್ತದೆ, ಮಾಂಸ ಇಲ್ಲ. ಹಾಗಾಗಿ ನನ್ನ ಪಾಲಿಗೆ ರಿಕೊತ್ತ ಅನ್ನೋ ಮೆತ್ತನೆ ಚೀಸ್ ತುಂಬಿ ಬೆಣ್ಣೆ, ಸೇಜ್ ಎಲೆಯಲ್ಲಿ ತಿರುವಿಕೊಡುತ್ತಾರೆ. ನಿಮ್ಮ ಅತ್ತೆಯ ಚಿಕ್ಕ ಪಾತ್ರೆಯ ಹಾಗೆ.

---

ಬಾರಿಯ ಸೊಸೆ

ಆ ಅಜ್ಜಿಗೆ ನನ್ನ ನಮಸ್ಕಾರ ಹೇಳು. ಅವರು ಹೇಳಿದ ಮಾತು ನೂರಕ್ಕೆ ನೂರು ನಿಜ. ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಬಾರದು ಅನ್ನೋದು ದಿನಾ ಮಾಡುವ ಕೈಗೆ ಗೊತ್ತಿರುತ್ತದೆ. ನಮ್ಮ ಅತ್ತೆ ಮೀನು ಬಿಡೋಕೆ ಒಂದು ಕ್ಷಣ ಯೋಚಿಸಲಿಲ್ಲ. ಆದರೆ ಒಮ್ಮೆ ಅವಸರ ಅಂತ ನನ್ನ ಗಂಡ ಸೊಪ್ಪನ್ನು ಬೇರೆ ಪಾತ್ರೆಯಲ್ಲಿ ಬೇಯಿಸೋಣ ಅಂದರೆ ಸೌಟು ಕಿತ್ತುಕೊಂಡರು.

ಜರ್ಸಿಯ ಸರ್, ಮಕ್ಕಳ ಚಿಂತೆ ನನಗೂ ಇದೆ. ನನ್ನ ಮಗಳು ಅಜ್ಜಿಯ ಹಲಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ಅವಳಿಗೊಂದು ತುಂಡು ಹಿಟ್ಟು, ಒಂದು ಮಕ್ಕಳ ಚಾಕು. ಅಜ್ಜಿ ಬಾರಿಯ ಆಡುಮಾತಿನಲ್ಲೇ ಹೇಳಿಕೊಡುತ್ತಾರೆ, ಶಾಲೆಯ ಇಟಾಲಿಯನ್ನಿನಲ್ಲಿ ಅಲ್ಲ. ಆ ಭಾಷೆ ಅವಳಿಗೆ ಬೇರೆಲ್ಲೂ ಸಿಗಲ್ಲ. ಇದನ್ನು ನೋಡಿ ನಾನೂ ಬೇಸಿಗೆಯಲ್ಲಿ ಧಾರವಾಡಕ್ಕೆ ಹೋದಾಗ ಅವಳನ್ನು ಅಮ್ಮನ ಪಕ್ಕ ಕೂರಿಸುತ್ತೇನೆ. ಅಮ್ಮ ಗವಲಿ ಹೊಸೆಯುತ್ತಾ ಕನ್ನಡದಲ್ಲಿ ಮಾತಾಡುತ್ತಾರೆ. ಕೈಗೆ ಕೆಲಸ ಇದ್ದರೆ ಮಕ್ಕಳು ಭಾಷೆ ಬರಲ್ಲ ಅಂತ ನಾಚಲ್ಲ. "ಹಿಂಗಾ ಅಜ್ಜಿ?" ಅಂತ ಕೇಳೋಕೆ ಕಲಿತಿದ್ದಾಳೆ. ಬಿಸಿಬೇಳೆಭಾತಿಗೆ ಹುಣಸೆಹಣ್ಣು ಕಿವುಚೋದನ್ನು ನಿಮ್ಮ ಮಕ್ಕಳಿಗೆ ಕೊಟ್ಟು ನೋಡಿ ಸರ್. ಪಕ್ಕದಲ್ಲಿ ನಿಂತು ಕನ್ನಡ ಮಾತ್ರ ಆಡಿ.

---

ಜರ್ಸಿ ಕನ್ನಡಿಗ

ಈ ಭಾನುವಾರವೇ ಮಾಡುತ್ತೇನೆ ಮೇಡಂ. ಒಳ್ಳೆಯ ಉಪಾಯ.

---

ಧಾರವಾಡ ರೈತನ ಮಗ

ಅಕ್ಕಾರ, ಒಂದು ಸಂಶಯ. ಅಂತರ್ಜಾಲದಲ್ಲಿ ಕಪ್ಪು ಬಣ್ಣದ ಒರೆಕ್ಕಿಯೆತ್ತೆ ನೋಡಿದೆ. ಅದು ಯಾವ ಗೋಧಿ? ಸದಕವೂ ಸ್ವಲ್ಪ ಕೆಂಪಗಿರುತ್ತದೆ, ಆದರೆ ಅಷ್ಟು ಕಪ್ಪಿಲ್ಲ.

---

ಬಾರಿಯ ಸೊಸೆ

ಅದು ಬೇರೆ ಗೋಧಿ ಅಲ್ಲ ತಮ್ಮಾ, ಸುಟ್ಟ ಗೋಧಿ. ಗ್ರಾನೊ ಆರ್ಸೊ ಅಂತಾರೆ. ಅದರ ಕತೆ ಫೊಜ್ಜಾ ಬಯಲಿನದು. ಅಲ್ಲಿ ದೊಡ್ಡ ದೊಡ್ಡ ಜಮೀನ್ದಾರರ ಹೊಲಗಳು. ಕೊಯ್ಲಾದ ಮೇಲೆ ಕೂಳೆಗೆ ಬೆಂಕಿ ಹಾಕುತ್ತಿದ್ದರು. ಬೆಂಕಿ ಆರಿದ ಮೇಲೆ ಕೂಲಿಯವರ ಮನೆಯ ಹೆಂಗಸರು, ಮಕ್ಕಳು ಹೋಗಿ ಬೂದಿಯಲ್ಲಿ ಉಳಿದ ಕಾಳು ಆಯುತ್ತಿದ್ದರು. ನಮ್ಮ ಕಡೆ ಹಕ್ಕಲು ಆಯುತ್ತಾರಲ್ಲ, ಹಾಗೇ. ಆದರೆ ಸುಟ್ಟ ಹೊಲದಲ್ಲಿ. ಆ ಕರಿ ಕಾಳು ಬೀಸಿ, ಸಿಕ್ಕಷ್ಟು ಬಿಳಿ ಹಿಟ್ಟಿಗೆ ಬೆರೆಸಿ ಪಾಸ್ತಾ, ರೊಟ್ಟಿ ಮಾಡುತ್ತಿದ್ದರು.

ಈಗ ಹೊಲದಲ್ಲಿ ಯಾರೂ ಆಯಲ್ಲ. ಗೋಧಿಯನ್ನು ಹುರಿದು ಬೀಸಿ ಮಾರುತ್ತಾರೆ, ದೊಡ್ಡ ಹೋಟೆಲುಗಳಲ್ಲಿ ಅದಕ್ಕೆ ಮಾಮೂಲಿಗಿಂತ ಹೆಚ್ಚು ಬೆಲೆ. ಅತ್ತೆಯ ತಾಯಿ ಆ ಕಡೆಯವರು. ಅವರು ಬದುಕಿರುವ ತನಕ ಆ ಹಿಟ್ಟನ್ನು ಮನೆಯೊಳಗೆ ತರಲು ಬಿಡಲಿಲ್ಲವಂತೆ. ಅತ್ತೆ ಈಗ ಅಪರೂಪಕ್ಕೆ ಮಾಡುತ್ತಾರೆ, ಮಗಳಿಗೆ ಆ ಕತೆ ಹೇಳಿಯೇ ಬಡಿಸುತ್ತಾರೆ. ರುಚಿ ಚೆನ್ನಾಗಿರುತ್ತದೆ, ಹುರಿದ ಕಡಲೆಯ ಘಮ.

ನೀವು ಮಾಡಿ ನೋಡೋದಾದರೆ, ಗೋಧಿಯನ್ನು ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಾಫಿ ಬಣ್ಣ ಬರುವ ತನಕ ಹುರಿದು ಬೀಸಿಸಿ. ಆ ಹಿಟ್ಟು ಕಾಲು ಭಾಗ, ಬನ್ಸಿ ಮುಕ್ಕಾಲು ಭಾಗ. ಅದಕ್ಕಿಂತ ಜಾಸ್ತಿ ಹಾಕಿದರೆ ಹಿಟ್ಟು ಹಿಡಿಯಲ್ಲ, ಎಳೆದರೆ ಬಿರಿಯುತ್ತದೆ. ಇದಕ್ಕೆ ಸೊಪ್ಪಿಗಿಂತ ಟೊಮೆಟೊ ರಸವೇ ಹೊಂದುತ್ತದೆ. ಸದಕದ ಹಿಟ್ಟಿನಲ್ಲಿ ಒರೆಕ್ಕಿಯೆತ್ತೆ ಎಳೆದು ನೋಡಿದವರು ಯಾರಾದರೂ ಇದ್ದರೆ ಇಲ್ಲಿ ಬರೆಯಿರಿ. ಮುಂದಿನ ಸಲ ಊರಿಗೆ ಬಂದಾಗ ಎರಡು ಕಿಲೋ ಸದಕ ಹಿಟ್ಟು ಅತ್ತೆಗೆ ತರುತ್ತೇನೆ ಅಂತ ಈಗಾಗಲೇ ಮಾತು ಕೊಟ್ಟಿದ್ದೇನೆ.